‘ಓದಲ್ಲ’ ಅನ್ನುವ ಮಾತಿಗೆ ಎರಡು ಅರ್ಥ

ಮುಂಬಯಿ ಕಡೆಯ ಡೊಂಬಿವಲಿಯಿರಲಿ, ಮುಲುಂಡಿರಲಿ, ಪುಣೆಯ ಪಿಂಪ್ರಿಯಿರಲಿ, ಗೋವೆಯ ವಾಸ್ಕೋದ ಬೈನಾ ಇರಲಿ, ಕನ್ನಡದ ಮನೆಗಳಲ್ಲಿ ಮಕ್ಕಳ ಬಗ್ಗೆ ಕೇಳಿಬರುವ ದೂರು ಎರಡೇ ಪದದ್ದು: "ಇವ ಓದಲ್ಲ."

ಈ ದೂರಿನ ಅರ್ಧ ತಪ್ಪು ನಮ್ಮ ಭಾಷೆಯದ್ದು. ಮರಾಠಿಯಲ್ಲಿ ಅಕ್ಷರ ಓದುವ ‘ವಾಚನ’ ಬೇರೆ, ಪಾಠ ಕಲಿಯುವ ‘ಅಭ್ಯಾಸ’ ಬೇರೆ. ಕನ್ನಡದಲ್ಲಿ ಎರಡಕ್ಕೂ ಓದು ಒಂದೇ. "ಅವರ ಮಗ ಚೆನ್ನಾಗಿ ಓದಿದ್ದಾನೆ" ಅಂದರೆ ಇಂಜಿನಿಯರ್ ಆಗಿದ್ದಾನೆ ಅಂತ. "ಓದ್ಕೊಂಡು ಕೂತಿದ್ದಾಳೆ" ಅಂದರೆ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ ಅಂತ. ಹಾಗಾಗಿ ಅಕ್ಷರ ಕೂಡಿಸಲಾಗದ ಮಗುವೂ ಪುಸ್ತಕ ಕಂಡರೆ ಆಗದ ಮಗುವೂ ನಮ್ಮ ಬಾಯಲ್ಲಿ ಒಂದೇ ಆಗಿಬಿಡುತ್ತವೆ. ಮಗುವಿಗೂ ಹಾಗೇ ಕೇಳಿಸುತ್ತದೆ. ಎಂಟು ವರ್ಷದವನಿಗೆ ದಿನಕ್ಕೆ ನಾಲ್ಕು ಸಲ "ನೀನು ಓದಲ್ಲ" ಅಂದರೆ, ತನಗೆ ಕಲಿಯುವ ಯೋಗ್ಯತೆಯೇ ಇಲ್ಲ ಅಂತ ಅವನು ಅರ್ಥ ಮಾಡಿಕೊಳ್ಳುತ್ತಾನೆ. ಆಮೇಲೆ ನಿಜವಾಗಿಯೂ ಎರಡೂ ಅರ್ಥದಲ್ಲಿ ಓದುವುದನ್ನು ಬಿಡುತ್ತಾನೆ.

ಕಷ್ಟಪಡುವ ಮಗುವಿನ ಮನೆಯಲ್ಲಿ ಮೊದಲು ಆಗಬೇಕಾದ ಕೆಲಸ ಈ ಎರಡು ಓದುಗಳನ್ನು ಬೇರೆ ಮಾಡುವುದು. ಅಕ್ಷರದ ಓದಿಗೆ ದಿನಕ್ಕೆ ಹತ್ತು ನಿಮಿಷ, ಔಷಧಿಯ ಹಾಗೆ ಅಳತೆ ಹಾಕಿ. ತಿಳಿಯುವ ಓದಿಗೆ ಇಡೀ ದಿನ, ಕಿವಿಯಿಂದ, ಕಣ್ಣಿಂದ, ಕೈಯಿಂದ. ಹತ್ತು ನಿಮಿಷದ ಕಷ್ಟ ಉಳಿದ ದಿನಕ್ಕೆ ಹರಡಬಾರದು.

ಅದಕ್ಕೂ ಮುಂಚೆ, ಮಗು ಎಲ್ಲಿ ಎಡವುತ್ತಿದೆ ಅಂತ ನೋಡಬೇಕು. ಮುಂಬಯಿಯ ಮಗುವಿನ ಸಂಗತಿ ಬೆಂಗಳೂರಿನ ಮಗುವಿನ ಹಾಗಲ್ಲ. ಮನೆಯಲ್ಲಿ ತುಳು ಅಥವಾ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಕಟ್ಟಡದ ಕೆಳಗೆ ಆಡುವಾಗ ಹಿಂದಿ. 2020ರ ಕಾಯಿದೆಯ ನಂತರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಲಿಪಿ ಎರಡು, ಮನೆಯಲ್ಲಿ ಅಜ್ಜಿಯ ಒತ್ತಾಯವಿದ್ದರೆ ಮೂರು. ಇಂಗ್ಲಿಷಿನಲ್ಲಿ ಮಾತ್ರ ಎಡವುವ ಮಗು, ಮರಾಠಿ ಪಾಠವನ್ನು ಸಲೀಸಾಗಿ ಓದಿದರೆ, ತೊಂದರೆ ಬಹುಮಟ್ಟಿಗೆ ಇಂಗ್ಲಿಷಿನದ್ದು. ಮನೆಯಲ್ಲಿ ಕಿವಿಗೆ ಬೀಳದ ಭಾಷೆಯನ್ನು ಯಾರೂ ಸರಿಯಾಗಿ ಕಲಿಸಿಲ್ಲ, ಅಷ್ಟೆ. ಎಲ್ಲ ಲಿಪಿಗಳಲ್ಲೂ ಎಡವಿದರೆ ಮಾತು ಬೇರೆ.

ಇಲ್ಲಿ ಪಾಲಕರೂ ಕೆಲವು ಶಿಕ್ಷಕರೂ ಮೋಸಹೋಗುವ ಒಂದು ಜಾಗವಿದೆ. ಇಂಗ್ಲಿಷಿನಲ್ಲಿ ಬರೆದ ಹಾಗೆ ಉಚ್ಚರಿಸುವುದಿಲ್ಲ, ಹಾಗಾಗಿ ಡಿಸ್ಲೆಕ್ಸಿಯಾ (ಅಕ್ಷರವನ್ನೂ ಅದರ ಸದ್ದನ್ನೂ ಜೋಡಿಸುವ ತೊಂದರೆ) ಇರುವ ಮಗು ಅಲ್ಲಿ ತಪ್ಪು ಓದುತ್ತದೆ, ತಪ್ಪು ಕಣ್ಣಿಗೆ ರಾಚುತ್ತದೆ. ಕನ್ನಡ, ಮರಾಠಿಗಳಲ್ಲಿ ಬಹುಮಟ್ಟಿಗೆ ಬರೆದದ್ದೇ ಉಚ್ಚಾರ. ಅದೇ ಮಗು ಇಲ್ಲಿ ತಪ್ಪು ಓದುವುದು ಕಡಿಮೆ, ಆದರೆ ತುಂಬ ನಿಧಾನ. "ಮ...ರ...ದ... ಮೇ...ಲೆ" ಅಂತ ಒಂದೊಂದೇ ಅಕ್ಷರ ಎತ್ತಿಟ್ಟು, ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತು ಅಂತ ಮರೆತಿರುತ್ತದೆ. "ಸರಿಯಾಗೇ ಓದ್ತಾನಲ್ಲ, ಸೋಮಾರಿ ಅಷ್ಟೆ" ಅನ್ನುವ ತೀರ್ಮಾನ ಇಲ್ಲಿಂದಲೇ ಹುಟ್ಟುವುದು. ನಮ್ಮ ಲಿಪಿಗಳಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟು ತಪ್ಪು ಅಂತಲ್ಲ, ಎಷ್ಟು ಹೊತ್ತು ಅಂತ.

ಲಿಪಿಯದ್ದೇ ಆದ ತಪ್ಪುಗಳನ್ನೂ ಬುದ್ಧಿಯ ಲೆಕ್ಕಕ್ಕೆ ಬರೆಯಬಾರದು. ದೇವನಾಗರಿಯ ಹ್ರಸ್ವ ಇಕಾರದ ಗುರುತು ವ್ಯಂಜನಕ್ಕಿಂತ ಮುಂಚೆ, ಎಡಗಡೆ ಕೂರುತ್ತದೆ; ಕೇಳಿಸುವುದು ಮಾತ್ರ ವ್ಯಂಜನದ ಆಮೇಲೆ. ಕೇಳಿದ ಕ್ರಮದಲ್ಲೇ ಬರೆಯುವ ಮಗು ಅದನ್ನು ಬಲಕ್ಕೆ ಹಾಕುತ್ತದೆ. ಕನ್ನಡದಲ್ಲಿ ‘ಸೂರ್ಯ’ ನೋಡಿ: ‘ರ್’ ಕೇಳಿಸುವುದು ‘ಯ’ಕ್ಕಿಂತ ಮುಂಚೆ, ಅರ್ಕಾವತ್ತು ಬರುವುದು ‘ಯ’ದ ನಂತರ. ಮೂರನೇ ತರಗತಿಯ ಮಗು ‘ಸೂಯ್ರ’ ಅಂತ ಓದಿದರೆ ಅದು ಕಣ್ಣಿಗೆ ಕಂಡದ್ದನ್ನು ನಿಷ್ಠೆಯಿಂದ ಓದಿದೆ. ಅದಕ್ಕೆ ಶಹಬ್ಬಾಸ್ ಅಂದು, ಆಮೇಲೆ ಈ ಗುರುತಿನ ತುಂಟತನ ಹೇಳಿಕೊಡಬೇಕು.

ಕಿವಿ, ಕಣ್ಣು, ನಿದ್ದೆ ಈ ಮೂರರ ಪರೀಕ್ಷೆ ಎಲ್ಲಕ್ಕಿಂತ ಮೊದಲು. ಮಳೆಗಾಲದ ನೆಗಡಿ ಇಳಿದ ಮೇಲೂ ಕಿವಿಯ ಪೊರೆಯ ಹಿಂದೆ ನೀರು ನಿಂತು ಮಗುವಿಗೆ ತಿಂಗಳುಗಟ್ಟಲೆ ಮಂದವಾಗಿ ಕೇಳಿಸುವುದುಂಟು. ‘ಪ’ ಮತ್ತು ‘ಬ’ ಒಂದೇ ಆಗಿ ಕೇಳಿಸಿದರೆ ಒಂದೇ ಆಗಿ ಬರೆಯುತ್ತದೆ. ಹಲಗೆ ಕಾಣದ ಮಗು ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತದೆ, ಬೈಗುಳ ತಿನ್ನುತ್ತದೆ. ರಕ್ತಹೀನತೆಯೂ ಗಮನ ನಿಲ್ಲದಿರಲು ಒಂದು ಕಾರಣ. ಇವು ಒಂದೆರಡು ವಾರದಲ್ಲಿ ಮುಗಿಯುವ ತಪಾಸಣೆಗಳು. ಇವನ್ನು ಬಿಟ್ಟು ನೇರ ಟ್ಯೂಷನ್ನಿಗೆ ಕಳಿಸುವವರೇ ಹೆಚ್ಚು.

ಈಗ ಹತ್ತು ನಿಮಿಷದ ಮಾತು. ಯಾವ ಲಿಪಿಯಲ್ಲಿ? ಮಗು ಯಾವ ಭಾಷೆಯನ್ನು ಚೆನ್ನಾಗಿ ಮಾತಾಡುತ್ತದೋ ಅದರ ಲಿಪಿಯಲ್ಲಿ, ಒಂದೇ ಒಂದರಲ್ಲಿ. ಕನ್ನಡವೇ ಮನೆಮಾತಾದರೆ ಕನ್ನಡ ಒಳ್ಳೆಯ ಆರಂಭ. ಆದರೆ ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್-ಮರಾಠಿ ಎಂದಾದರೆ, ಅಕ್ಷರಕ್ಕೆ ಒದ್ದಾಡುತ್ತಿರುವ ಮಗುವಿನ ತಲೆಗೆ ಕನ್ನಡಾಭಿಮಾನದ ಹೆಸರಲ್ಲಿ ಇನ್ನೊಂದು ಲಿಪಿ ಹೇರಬೇಡಿ. ಮರಾಠಿಯನ್ನೇ ಗಟ್ಟಿ ಮಾಡಿ. ವರ್ಣಮಾಲೆಯ ಕ್ರಮ ಒಂದೇ, ಕಾಗುಣಿತದ ತರ್ಕ ಒಂದೇ. ಒಂದರಲ್ಲಿ ಹಿಡಿತ ಬಂದರೆ ಇನ್ನೊಂದು ಅರ್ಧ ಬಂದ ಹಾಗೆ. ಕನ್ನಡ ಅಲ್ಲಿಯವರೆಗೆ ಕಿವಿಯಲ್ಲಿರಲಿ. ಈ ಮಾತು ಕೆಲವರಿಗೆ ರುಚಿಸುವುದಿಲ್ಲ, ಗೊತ್ತು.

ಕನ್ನಡದಲ್ಲಿ ಶುರುಮಾಡುವವರು ‘ಅ ಆ ಇ ಈ’ಯಿಂದ ಶುರುಮಾಡಬಾರದು. ಆ ಸಾಲನ್ನು ಮಗು ಹಾಡಿನ ಹಾಗೆ ಒಪ್ಪಿಸುತ್ತದೆ, ಆದರೆ ಐವತ್ತು ಅಕ್ಷರ ಕಲಿಯುವವರೆಗೆ ಒಂದು ಪದವನ್ನೂ ಓದುವುದಿಲ್ಲ. ಕಷ್ಟಪಡುವ ಮಗುವಿಗೆ ಅಷ್ಟು ದೂರದ ಫಲ ಸಲ್ಲದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ಕರ್ನಾಟಕದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಪದ್ಧತಿ ಈ ಗಂಟನ್ನು ಬಿಡಿಸಿದೆ. ಅಲ್ಲಿ ಮೊದಲ ಗುಂಪು ರ, ಗ, ಸ, ದ, ಅ. ಇದು ಮುಂಬಯಿಯ ಒಂದು ಕೋಣೆಯ ಮನೆಯಲ್ಲೂ ನಡೆಯುತ್ತದೆ.

ಮನೆಗೆ ಬಂದ ಮದುವೆ ಕಾಗದಗಳ ಖಾಲಿ ಬದಿಯನ್ನು ಅಂಗೈಯೊಳಗೆ ಹಿಡಿಯುವಷ್ಟು, ಸುಮಾರು 6 ಸೆಂಟಿಮೀಟರ್ ಚೌಕವಾಗಿ ಕತ್ತರಿಸಿ. ಪ್ರತಿ ಅಕ್ಷರಕ್ಕೆ ಮೂರು ಚೀಟಿ, ಒಟ್ಟು ಹದಿನೈದು. ದಪ್ಪ ಸ್ಕೆಚ್ ಪೆನ್ನಿನಲ್ಲಿ ಒಂದೇ ಬಣ್ಣದಲ್ಲಿ ಬರೆಯಿರಿ. ಒಂದೊಂದು ಅಕ್ಷರಕ್ಕೆ ಒಂದೊಂದು ಬಣ್ಣ ಕೊಟ್ಟರೆ ಮಗು ಬಣ್ಣವನ್ನು ಓದುತ್ತದೆ, ಅಕ್ಷರವನ್ನಲ್ಲ. ಮೊದಲ ದಿನ ರ ಮತ್ತು ಸ ಮಾತ್ರ. ಸ, ರ ಪಕ್ಕಪಕ್ಕ ಇಟ್ಟರೆ ಸರ. ಅದಲುಬದಲು ಮಾಡಿದರೆ ರಸ. ಎರಡೇ ಅಕ್ಷರಕ್ಕೆ ಎರಡು ಪದ, ಜಾಗ ಬದಲಾದರೆ ಅರ್ಥ ಬದಲಾಗುತ್ತದೆ ಅನ್ನುವ ಬೆರಗು ಬೇರೆ. ಮೂರನೆಯ ದಿನ ದ ಸೇರಿಸಿ: ದರ. ಐದನೆಯ ದಿನ ಗ ಬಂದಾಗ ಚೀಟಿಗಳನ್ನು ಮಗುವಿನ ಕೈಗೆ ಕೊಟ್ಟು ನೀವು ಪದ ಹೇಳಿ: ಗರಗಸ. ಗ ಎರಡು ಸಲ ಬೇಕು. ಮಗು ಒಂದೇ ಗ ಇಟ್ಟು ‘ಗರಸ’ ಮಾಡಿದರೆ ತಪ್ಪು ಅನ್ನಬೇಡಿ. "ಓದು ನೋಡುವ" ಅನ್ನಿ. ತಾನಿಟ್ಟದ್ದನ್ನು ತಾನೇ ಓದಿ, ತುಟಿ ಕಚ್ಚಿ, ಇನ್ನೊಂದು ಗ ಹುಡುಕುತ್ತದೆ. ಆ ಹುಡುಕಾಟ ಅದರದ್ದೇ ಆಗಿರಲಿ, ನೀವು ಚೀಟಿ ಎತ್ತಿಕೊಡಬಾರದು. ಅ ಬಂದ ದಿನ ಅರಸ, ಅಗಸ. ಆಮೇಲಿನ ಗುಂಪು ಜ, ವ, ಮ, ಬ, ನ: ಮರ, ಮಗ, ನಗರ, ಬಸವ. ಎರಡು ವಾರದಲ್ಲಿ ಮಗು ‘ಬಸವ’ ಓದಿದರೆ ಅದು ಅಜ್ಜಿಗೆ ಫೋನ್ ಮಾಡಿ ಹೇಳಬಹುದಾದ ಸುದ್ದಿ.

ಕೆಡುವುದು ಎಲ್ಲಿ? ಮುಖ್ಯವಾಗಿ ಕಾಗುಣಿತದಲ್ಲಿ. ಬಹಳ ಮನೆಗಳಲ್ಲಿ ‘ಕ ಕಾ ಕಿ ಕೀ’ ಇಡೀ ಸಾಲನ್ನು ಒಂದೇ ದಿನ ಬರೆಸುತ್ತಾರೆ. ಮಗು ಸಾಲನ್ನು ಕಲಿಯುತ್ತದೆ. ಮಧ್ಯದಿಂದ ‘ಕೆ’ ಒಂದನ್ನೇ ಎತ್ತಿ ತೋರಿಸಿದರೆ ‘ಕ’ದಿಂದ ಮನಸ್ಸಿನಲ್ಲೇ ಎಣಿಸಿಕೊಂಡು ಬರುತ್ತದೆ. ಓದು ನಿಧಾನವಾಗುವ ಒಂದು ಕಾರಣವೇ ಇದು. ಒಂದು ಗುರುತನ್ನು ಗೊತ್ತಿರುವ ಹತ್ತು ಅಕ್ಷರಗಳಿಗೆ ಹಚ್ಚಿ: ಈ ವಾರ ಬರೀ ಇಳಿ. ಗಾ, ಸಾ, ದಾ, ಮಾ. ಮಾರ, ದಾರ, ಸಾಗರ. ಮುಂದಿನ ವಾರ ಗುಡಿಸು. ಗುಡಿಸು ಬಂದಾಗ ತಲೆಕಟ್ಟು ಹೋಗಿ ಅಕ್ಷರದ ತಲೆಯೇ ಬದಲಾಗುತ್ತದೆ, ಹಾಗಾಗಿ ಅದಕ್ಕೆ ಒಂದು ವಾರದ ಬದಲು ಎರಡು ಬೇಕಾಗಬಹುದು. ಕೊಂಬು ಸುಲಭ. ಎತ್ವ-ಏತ್ವದ ವ್ಯತ್ಯಾಸ ಮುಂಬಯಿಯ ಮಕ್ಕಳಿಗೆ ಇನ್ನೂ ಕಷ್ಟ, ಯಾಕೆಂದರೆ ಮರಾಠಿಯಲ್ಲಿ ಹ್ರಸ್ವ ಎ, ಒ ಬೇರೆಯಾಗಿ ಇಲ್ಲವೇ ಇಲ್ಲ; ‘ಎರಡು’ ಮತ್ತು ‘ಏಳು’ ಮಗುವಿನ ಕಿವಿಗೆ ಒಂದೇ ಎ. ಮೊದಲು ಬಾಯಲ್ಲಿ ಆಡಿಸಿ, ಆಮೇಲೆ ಕಾಗದಕ್ಕೆ ಬನ್ನಿ. ಒತ್ತಕ್ಷರ ಎಲ್ಲಕ್ಕಿಂತ ಕೊನೆಗೆ. ಒಂದೇ ಅಕ್ಷರ ಇಮ್ಮಡಿಯಾಗುವ ಅಕ್ಕ, ಅಪ್ಪ, ಅಜ್ಜ, ಅಣ್ಣ ಮೊದಲು. ಮನೆಯ ಜನ ಬಹುಪಾಲು ಸಜಾತೀಯ ಒತ್ತುಗಳಲ್ಲೇ ಇರುವುದು ಕನ್ನಡದ ಉಪಕಾರ.

ಇಷ್ಟೆಲ್ಲ ಎಷ್ಟು ಕಾಲ ಹಿಡಿಯುತ್ತದೆ? ಇಂಗ್ಲಿಷ್ ಅಕ್ಷರಮಾಲೆ 26ಕ್ಕೆ ಮುಗಿಯುತ್ತದೆ, ನಮ್ಮಲ್ಲಿ ಸ್ವರದ ಗುರುತು, ಒತ್ತು ಎಲ್ಲ ಸೇರಿ ನೂರಾರು ರೂಪ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಅದನ್ನೇ ಹೇಳುತ್ತದೆ: ಅಕ್ಷರಗಳ ಪೂರ್ತಿ ಹಿಡಿತ ಬರಲು ನಾಲ್ಕನೇ ತರಗತಿಯವರೆಗೂ ಬೇಕಾಗುತ್ತದೆ, ಇದು ಯಾವ ತೊಂದರೆಯೂ ಇಲ್ಲದ ಮಕ್ಕಳ ಮಾತು. ಒಂದನೇ ತರಗತಿಯ ಕೊನೆಗೇ "ಇನ್ನೂ ಬರಲ್ವಲ್ಲ" ಅಂತ ಕೈ ಹಿಸುಕಿಕೊಳ್ಳುವವರಿಗೆ ಈ ವಿಷಯ ಗೊತ್ತಿದ್ದರೆ ಒಳ್ಳೆಯದು.

ಪದ ಬಂದ ಮೇಲೆ ಜೊತೆ ಓದು. ದೊಡ್ಡವರು, ಮಗು ಇಬ್ಬರೂ ಒಂದೇ ಪುಟವನ್ನು ಒಟ್ಟಿಗೆ ಗಟ್ಟಿಯಾಗಿ ಓದುತ್ತಾರೆ. ನಿಮ್ಮ ವೇಗ ಮಗುವಿನದ್ದೇ, ಕೂದಲೆಳೆಯಷ್ಟು ಮುಂದೆ. ಮಗುವಿಗೆ ಒಬ್ಬನೇ ಓದಬೇಕು ಅನಿಸಿದಾಗ ನಿಮ್ಮ ಕೈ ತಟ್ಟುತ್ತಾನೆ, ನೀವು ಬಾಯಿ ಮುಚ್ಚುತ್ತೀರಿ. ಎಡವಿದರೆ ನಾಲ್ಕೈದು ಸೆಕೆಂಡು ಕಾಯಿರಿ. ಗಡಿಯಾರ ನೋಡಿ ಅಭ್ಯಾಸ ಮಾಡಿಕೊಳ್ಳಿ, ಐದು ಸೆಕೆಂಡು ಅಂದುಕೊಂಡದ್ದಕ್ಕಿಂತ ಉದ್ದ. ತಿದ್ದಿಕೊಳ್ಳದಿದ್ದರೆ ಪದವನ್ನು ನೀವೇ ಹೇಳಿ, ಅವನು ಒಮ್ಮೆ ಹೇಳಲಿ, ಮತ್ತೆ ಇಬ್ಬರೂ ಕೂಡಿ ಮುಂದಕ್ಕೆ. "ಇದು ಯಾವ ಅಕ್ಷರ? ನಿನ್ನೆ ಹೇಳಿಕೊಟ್ಟಿದ್ದೆನಲ್ಲ?" ಎಂಬ ವಿಚಾರಣೆ ಇಲ್ಲ. ವಿಚಾರಣೆ ಮಾಡಿದರೆ ಕತೆ ಅಲ್ಲೇ ಸಾಯುತ್ತದೆ.

ಪುಸ್ತಕ ಆರಿಸಲು ಒಂದು ಅಳತೆ: 100 ಪದದಲ್ಲಿ ಐದಕ್ಕಿಂತ ಕಡಿಮೆ ತಪ್ಪಾದರೆ ಮಗು ಒಬ್ಬನೇ ಓದಿಕೊಳ್ಳಬಲ್ಲ ಪುಸ್ತಕ, ಐದರಿಂದ ಹತ್ತಾದರೆ ಜೊತೆ ಓದಿಗೆ, ಹತ್ತಕ್ಕಿಂತ ಹೆಚ್ಚಾದರೆ ಅದನ್ನು ನೀವು ಓದಿ ಹೇಳಿ, ಅವನ ಕೈಗೆ ಕೊಡಬೇಡಿ. ನಿಧಾನದ ಓದಿಗೆ ಮರು ಓದು ಮದ್ದು. ಐವತ್ತರಿಂದ ನೂರು ಪದದ ಒಂದೇ ತುಣುಕನ್ನು ನಾಲ್ಕು ದಿನ ಓದಿಸಿ, ಪ್ರತಿದಿನ ಹಿಡಿದ ಸೆಕೆಂಡುಗಳನ್ನು ಮಗುವೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಲಿ. 140, 118, 96, 90 ಅಂತ ಇಳಿಯುತ್ತ ಬರುವ ಅಂಕಿಗೆ ನಮ್ಮ ಹೊಗಳಿಕೆಗಿಂತ ಹೆಚ್ಚಿನ ಬೆಲೆ. ಹೋಲಿಕೆ ಅವನ ನಿನ್ನೆಯ ಜೊತೆ ಮಾತ್ರ, ಅಕ್ಕನ ಜೊತೆಯಲ್ಲ.

ಹೊತ್ತಿನ ಮಾತು. ಅಪ್ಪ 8:14ರ ಲೋಕಲ್ ಹಿಡಿದು ಮನೆ ಸೇರುವಷ್ಟರಲ್ಲಿ ಒಂಬತ್ತೂವರೆ. ಆಗ ಪುಸ್ತಕ ತೆಗೆದರೆ ಇಬ್ಬರೂ ದಣಿದವರು, ಐದನೇ ನಿಮಿಷಕ್ಕೆ ಜಗಳ. ಬೆಳಿಗ್ಗೆ ನೀರು ತುಂಬಿಸಿಟ್ಟ ಮೇಲೆ, ಚಹಾ ಮುಗಿದ ಮೇಲೆ, ಅದೇ ಹತ್ತು ನಿಮಿಷ ಚೆನ್ನಾಗಿ ಸಾಗುತ್ತದೆ. ವಾರಕ್ಕೆ ಐದು ದಿನ ಸಾಕು. ಚೆನ್ನಾಗಿ ನಡೆಯಿತು ಅಂತ ಇಪ್ಪತ್ತು ನಿಮಿಷಕ್ಕೆ ಎಳೆಯಬೇಡಿ. ಮಗು ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಬೇಕು.

ತಪ್ಪು ಬರೆದ ಪದವನ್ನು ಹತ್ತು ಸಲ ಬರೆಸುವ ಶಿಕ್ಷೆಯ ಬಗ್ಗೆ ಒಂದು ಮಾತು. ಮೂರನೇ ಸಲಕ್ಕೆ ಮಗು ಕೇಳುವುದನ್ನು ಬಿಟ್ಟು ಬರೀ ಗೆರೆ ಎಳೆಯುತ್ತದೆ. ನಾಲ್ಕನೆಯದು ತಪ್ಪಾದರೆ ಉಳಿದ ಆರೂ ಅದನ್ನೇ ನೋಡಿ ತಪ್ಪಾಗುತ್ತವೆ, ಹತ್ತರಲ್ಲಿ ಏಳು ಸಲ ತಪ್ಪನ್ನೇ ಅಭ್ಯಾಸ ಮಾಡಿದಂತಾಯಿತು. ಅದರ ಬದಲು: ನೋಡು, ಬಾಯಲ್ಲಿ ಹೇಳು, ಮುಚ್ಚು, ಹೇಳುತ್ತ ಬರೆ, ತೆರೆದು ಸರಿನೋಡು. ಮೂರು ಸಲ ಸಾಕು. ಕೈ ನೋಯುವ ಮಗುವಾದರೆ ಅಕ್ಕಿ ಹರವಿದ ತಟ್ಟೆಯಲ್ಲಿ ಬೆರಳಿಂದ.

ಈಗ ಇನ್ನೊಂದು ಓದಿಗೆ ಬರೋಣ. ಅಕ್ಷರದಲ್ಲಿ ಒಂದನೇ ತರಗತಿಯಲ್ಲಿರುವ ಮಗುವಿನ ತಲೆ ನಾಲ್ಕನೇ ತರಗತಿಯದ್ದೇ ಆಗಿರುತ್ತದೆ. ಅದಕ್ಕೆ ‘ಮರ, ಸರ’ ಮಾತ್ರ ಉಣಿಸಿದರೆ ಹಸಿವು ಕೆಡುತ್ತದೆ. ಅದರ ವಯಸ್ಸಿಗೆ ತಕ್ಕ, ಬೇಕಾದರೆ ವಯಸ್ಸಿಗೆ ಮೀರಿದ ಪುಸ್ತಕವನ್ನು ನೀವು ಓದಿ ಹೇಳಬೇಕು. ಮುಂಬಯಿಯ ಯಕ್ಷಗಾನ ತರಬೇತಿಯಲ್ಲಿ ಕೂತು ನೋಡಿದವರಿಗೆ ಗೊತ್ತು: ಪುಸ್ತಕದಲ್ಲಿ ಒಂದು ಸಾಲು ಓದಲಾಗದ ಹುಡುಗ ಭಾಗವತರ ಬಾಯಿಂದ ಕೇಳಿ ಇಡೀ ಪ್ರಸಂಗದ ಪದ್ಯಗಳನ್ನು ನೆನಪಿಟ್ಟುಕೊಂಡಿರುತ್ತಾನೆ, ತಾಳ ಸಮೇತ. ಅವನಿಗೆ ಜ್ಞಾಪಕಶಕ್ತಿ ಇಲ್ಲ ಅನ್ನುವಂತಿಲ್ಲ. ಆ ಪದ್ಯವನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಮುಂದಿಟ್ಟರೆ, ಬಾಯಿಗೆ ಬಂದದ್ದರ ಮೇಲೆ ಬೆರಳಿಟ್ಟು ಹಿಂಬಾಲಿಸುವುದು ಅವನಿಗೆ ಓದಿನ ಅಭ್ಯಾಸವೂ ಆಗುತ್ತದೆ.

ಕಣ್ಣೆದುರಿನ ಪಾಠವೊಂದನ್ನು ಹೇಳುತ್ತೇವೆ. ಥಾಣೆ ದಾಟಿ ಕಳವಾ ಬರುವ ಮುಂಚೆ ರೈಲು ಖಾಡಿಯ, ಅಂದರೆ ಸಮುದ್ರದ ನೀರು ಒಳಗೆ ಬರುವ ತೋಡಿನ, ಸೇತುವೆ ದಾಟುತ್ತದೆ. ಒಂದು ದಿನ ಅಲ್ಲಿ ನೀರು ದಡದವರೆಗೆ, ಇನ್ನೊಂದು ದಿನ ಅದೇ ಹೊತ್ತಿಗೆ ಬರೀ ಕೆಸರು, ಕೆಸರಲ್ಲಿ ಬೆಳ್ಳಕ್ಕಿಗಳು. ಯಾಕೆ? ಉತ್ತರ ಹೇಳಬೇಡಿ. ಒಂದು ಚೌಕುಳಿ ಹಾಳೆ ಕೊಡಿ. ಪತ್ರಿಕೆಯಲ್ಲಿ ಬರುವ ಉಬ್ಬರದ ವೇಳೆಯನ್ನು ದಿನಕ್ಕೊಂದು ಚುಕ್ಕೆಯಾಗಿ ಹದಿನೈದು ದಿನ ಗುರುತಿಸಲಿ. ಅಡ್ಡಕ್ಕೆ ದಿನ, ಉದ್ದಕ್ಕೆ ಗಂಟೆ. ಚುಕ್ಕೆಗಳು ಓರೆಯಾಗಿ ಏರುತ್ತ ಹೋಗುತ್ತವೆ: ದಿನಕ್ಕೆ ಸುಮಾರು 50 ನಿಮಿಷ ತಡ. ದಿನಕ್ಕೆ ಎರಡು ಉಬ್ಬರ, ನಡುವೆ ಸುಮಾರು 12 ಗಂಟೆ 25 ನಿಮಿಷ. ನೀರಿನ ಎತ್ತರವನ್ನೂ ಪಕ್ಕದಲ್ಲಿ ಬರೆದರೆ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅದು ಹೆಚ್ಚು ಅಂತ ಕಾಣುತ್ತದೆ. ಮಳೆಗಾಲದಲ್ಲಿ ನಾಲ್ಕೂವರೆ ಮೀಟರ್ ಮೀರುವ ಉಬ್ಬರದ ದಿನಗಳನ್ನು ಮಹಾನಗರಪಾಲಿಕೆ ಯಾಕೆ ಮುಂಚಿತವಾಗಿ ಸಾರುತ್ತದೆ, ಆ ಹೊತ್ತಿಗೇ ದೊಡ್ಡ ಮಳೆ ಬಂದರೆ ಚರಂಡಿಯ ನೀರು ಸಮುದ್ರಕ್ಕೆ ಹೋಗಲಾಗದೆ ಹಿಂದ್ಮಾತಾದಂಥ ತಗ್ಗಿನಲ್ಲಿ ಯಾಕೆ ನಿಲ್ಲುತ್ತದೆ ಎಂಬುದನ್ನು ಮಗು ತಾನೇ ಕೂಡಿಸಿಕೊಳ್ಳುತ್ತದೆ. ಇಷ್ಟರಲ್ಲಿ ಅದು ಓದಿದ್ದು ಅಂಕಿಗಳನ್ನು ಮಾತ್ರ. ಕಲಿತದ್ದು ಭೂಗೋಳ, ಗಣಿತ, ಪಂಚಾಂಗ. ಅಪ್ಪನಿಗೆ ಗೊತ್ತಿಲ್ಲದ ಒಂದು ವಿಷಯ ತನಗೆ ಗೊತ್ತು ಅನ್ನುವ ಠೀವಿ ಬೇರೆ, ಅದನ್ನು ದಯವಿಟ್ಟು ಕೆಡಿಸಬೇಡಿ.

ಗಣಿತದಲ್ಲೂ ಭಾಷೆ ಸುಮ್ಮನಿರುವುದಿಲ್ಲ. ಮರಾಠಿಯಲ್ಲಿ 52 ‘ಬಾವನ್ನ’: ಎರಡು ಮೊದಲು ಕೇಳಿಸುತ್ತದೆ, ಐವತ್ತು ಆಮೇಲೆ. ಕೇಳಿದ ಕ್ರಮದಲ್ಲಿ ಬರೆಯುವ ಮಗು 25 ಬರೆಯುತ್ತದೆ. 29 ‘ಏಕೋಣತೀಸ್’, ಅಂದರೆ ಒಂದು ಕಡಿಮೆ ಮೂವತ್ತು. ಒಂದು, ಮೂವತ್ತು ಕೇಳಿಸಿತು ಅಂತ 31 ಬರೆದರೆ ಆಶ್ಚರ್ಯವಿಲ್ಲ. 2019ರಲ್ಲಿ ಅಲ್ಲಿಯ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ 63ಕ್ಕೆ ‘ತ್ರೇಸಷ್ಟ’ದ ಜೊತೆಗೆ ‘ಸಾಠ ತೀನ್’ (ಅರವತ್ತು, ಮೂರು) ಅನ್ನುವ ಕ್ರಮವನ್ನು ತಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವಾಯಿತು. ಗಣಿತ ಸಮಿತಿಯ ನೇತೃತ್ವ ವಹಿಸಿದ್ದ ಮಂಗಲಾ ನಾರ್ಳೀಕರ್ ಅದನ್ನು ಸಮರ್ಥಿಸಿದರು. ಕನ್ನಡದವರು ಆ ಗದ್ದಲವನ್ನು ನೋಡಿ ನಗಬಹುದಿತ್ತು: ನಮ್ಮ ‘ಅರವತ್ತಮೂರು’ ಹುಟ್ಟಿನಿಂದಲೇ ಹಾಗಿದೆ. ಹಾಗಾಗಿ ಸಂಖ್ಯೆಯಲ್ಲಿ ಎಡವುವ ಮಗುವಿಗೆ ಮನೆಯಲ್ಲಿ ಕನ್ನಡದಲ್ಲೇ ಎಣಿಸಲು ಕಲಿಸುವುದು ನಿಜಕ್ಕೂ ಉಪಯೋಗ. ಎಂಬತ್ತು-ತೊಂಬತ್ತು ಮಾತ್ರ ಕಿವಿಗೆ ಹತ್ತಿರ, ಅಲ್ಲಿ ಎಚ್ಚರ.

ಕಳೆಯುವ ಲೆಕ್ಕಕ್ಕೆ ನೋಟು, ನಾಣ್ಯಗಳಷ್ಟು ಒಳ್ಳೆಯ ಉಪಕರಣ ಇಲ್ಲ. 403ರಲ್ಲಿ 178 ಕಳೆಯಬೇಕು. ನಾಲ್ಕು ನೂರರ ನೋಟು, ಹತ್ತರ ನೋಟು ಒಂದೂ ಇಲ್ಲ, ಮೂರು ಒಂದರ ನಾಣ್ಯ. ಎಂಟು ರೂಪಾಯಿ ಕೊಡು ಅಂದರೆ ಕೈಯಲ್ಲಿ ಮೂರೇ. "ಪಕ್ಕದ ಮನೆಯಿಂದ ಸಾಲ ತಗೋ" ಅಂತ ನಾವು ಕಲಿತದ್ದು, ಆದರೆ ಪಕ್ಕದ ಮನೆ ಸೊನ್ನೆ. ಮಗು ಇಲ್ಲೇ ಸಿಕ್ಕಿಬೀಳುವುದು. ಹಣ ಕೈಯಲ್ಲಿದ್ದರೆ ಸಾಲದ ಮಾತೇ ಬೇಡ, ಚಿಲ್ಲರೆ ಮಾಡಿಸಿದರೆ ಆಯಿತು. ಒಂದು ನೂರನ್ನು ಕೊಟ್ಟು ಹತ್ತರ ಹತ್ತು ನೋಟು ತಾ. ಅದರಲ್ಲಿ ಒಂದನ್ನು ಕೊಟ್ಟು ಒಂದರ ಹತ್ತು ನಾಣ್ಯ ತಾ. ಈಗ ಮೂರು ನೂರು, ಒಂಬತ್ತು ಹತ್ತು, ಹದಿಮೂರು ಒಂದು. ಮೊತ್ತ ಇನ್ನೂ 403ಯೇ ತಾನೇ? ಎಣಿಸಿ ನೋಡಲಿ. ಆಮೇಲೆ ಕೊಡಲಿ, ಉಳಿದದ್ದು 225. ಕಾಗದದ ಮೇಲೆ ಸೊನ್ನೆಯನ್ನು ಹೊಡೆದು ಒಂಬತ್ತು ಬರೆಯುವುದು ಯಾಕೆ ಅಂತ ಆಗ ಕೈಗೇ ಗೊತ್ತಿರುತ್ತದೆ.

ಆರು ತಿಂಗಳು ಹೀಗೆ ಬಿಡದೆ ಮಾಡಿದ ಮೇಲೂ ಓದು, ಬರಹ ಅಥವಾ ಲೆಕ್ಕದಲ್ಲಿ ಬುದ್ಧಿಗೂ ಫಲಕ್ಕೂ ತಾಳೆಯೇ ಇಲ್ಲದಿದ್ದರೆ ಪರೀಕ್ಷೆ ಮಾಡಿಸಬೇಕು. ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾ ಇದರಲ್ಲೊಂದು) 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಪಟ್ಟಿ ಮಾಡಿದ 21 ಸ್ಥಿತಿಗಳಲ್ಲಿ ಒಂದು. ಮಹಾರಾಷ್ಟ್ರದಲ್ಲಿ ಈ ಮಕ್ಕಳಿಗೆ ಪರೀಕ್ಷೆಯ ರಿಯಾಯಿತಿಗಳು ಶುರುವಾದದ್ದು 1996ರಲ್ಲೇ. ಮುಂಬಯಿಯಲ್ಲಿ ಸಾಯನ್ನಿನ ಲೋಕಮಾನ್ಯ ತಿಲಕ್ ಆಸ್ಪತ್ರೆ, ನಾಯರ್ ಆಸ್ಪತ್ರೆಯಂಥ ಮಹಾನಗರಪಾಲಿಕೆ ಆಸ್ಪತ್ರೆಗಳಲ್ಲಿ ತಪಾಸಣೆ ಇದೆ. ಕಿವಿ, ಕಣ್ಣು, ಬುದ್ಧಿಮತ್ತೆ, ಆಮೇಲೆ ಓದು-ಬರಹ-ಲೆಕ್ಕ ಹೀಗೆ ಹಲವು ಭೇಟಿ ಬೇಕು. ಎಂಟು ವರ್ಷಕ್ಕಿಂತ ಮುಂಚೆ ಪ್ರಮಾಣಪತ್ರ ಕೊಡುವುದಿಲ್ಲ. ಆ ವಯಸ್ಸಿನ ಮುಂಚೆ ತಡವಾಗಿ ಅರಳುವ ಮಗುವನ್ನೂ ತೊಂದರೆಯ ಮಗುವನ್ನೂ ಬೇರ್ಪಡಿಸುವುದು ಕಷ್ಟ. ಹಳೆಯ ಅಂಕಪಟ್ಟಿಗಳ ಜೊತೆ ತರಗತಿಯ ನೋಟುಬುಕ್ಕುಗಳನ್ನೂ ಒಯ್ಯಿರಿ, ತಿದ್ದಿಸದೆ, ಹಾಗೇ. ಅಂದವಾಗಿ ನಕಲು ಮಾಡಿಸಿದ ಪುಸ್ತಕದಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಮನೆಯಲ್ಲಿ ಯಾವ ಭಾಷೆ, ಎಷ್ಟು ಶಾಲೆ ಬದಲಾಯಿತು ಅಂತ ನೀವೇ ಹೇಳಿ, ಕೇಳುವವರೆಗೆ ಕಾಯಬೇಡಿ.

ಹತ್ತನೇ ತರಗತಿಯ ಅರ್ಜಿ ತುಂಬುವಾಗ ಎಚ್ಚೆತ್ತು ಓಡುವವರು ಬಹಳ. ಎಂಟನೇ ತರಗತಿಯಲ್ಲೇ ಕಾಗದ ಕೈಯಲ್ಲಿರಬೇಕು. ಹೆಚ್ಚಿನ ಸಮಯ, ಬರೆಯುವ ಸಹಾಯಕ, ಕಾಗುಣಿತದ ತಪ್ಪಿಗೆ ಅಂಕ ಕಳೆಯದಿರುವುದು ಇವನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಿ. ಆದರೆ ಸಹಾಯಕನ ಜೊತೆ ಮನೆಯಲ್ಲಿ ನಾಲ್ಕೈದು ಪತ್ರಿಕೆಯಾದರೂ ಮಾಡಿಸಿ. ಉತ್ತರವನ್ನು ಬಾಯಲ್ಲಿ ಕ್ರಮವಾಗಿ ಹೇಳುವುದೂ ಒಂದು ವಿದ್ಯೆ, ಅಭ್ಯಾಸವಿಲ್ಲದ ಮಗು ಪರೀಕ್ಷೆಯ ಕೋಣೆಯಲ್ಲಿ ಮಾತೇ ಹೊರಡದೆ ಕೂರುತ್ತದೆ. ಗಣಿತದ ಬದಲು ಸುಲಭದ ಅಂಕಗಣಿತ ಆರಿಸುವ ಮುನ್ನ ಎರಡು ಸಲ ಯೋಚಿಸಿ. ಅಕೌಂಟ್ಸ್, ಐಟಿಐ, ವಿಜ್ಞಾನ, ಮುಂದೆ ಯಾವ ಬಾಗಿಲು ಮುಚ್ಚುತ್ತದೆ ಅಂತ ಕೇಳಿ ತಿಳಿಯಿರಿ. ಶಾಲೆಯೇ ಒಗ್ಗದ ಮಗುವಿಗೆ ರಾಷ್ಟ್ರೀಯ ಮುಕ್ತ ಶಾಲೆ (ಎನ್‌ಐಒಎಸ್) ಇದೆ: ಐದು ವಿಷಯ, ಐದು ವರ್ಷದೊಳಗೆ ಒಂಬತ್ತು ಅವಕಾಶ, ಒಂದೊಂದೇ ವಿಷಯ ಮುಗಿಸಿಕೊಳ್ಳಬಹುದು. ಅದನ್ನು ಸೋತವರ ದಾರಿ ಅಂತ ಮಗುವಿನ ಮುಂದೆ ಮಾತಾಡುವ ಸೋದರಮಾವಂದಿರನ್ನು ಸ್ವಲ್ಪ ದೂರ ಇಡಬೇಕಾಗುತ್ತದೆ.

ಪ್ರಮಾಣಪತ್ರ ಬಂದ ದಿನ ಮಗುವಿಗೆ ಹೇಳುವುದೋ ಬೇಡವೋ? ಹೇಳಬೇಕು. ಫೈಲು ಹಿಡಿದು ನಾಲ್ಕು ಸಲ ಆಸ್ಪತ್ರೆ ತಿರುಗಿದ ಮಗುವಿಗೆ ಏನೋ ಇದೆ ಅಂತ ಗೊತ್ತೇ ಇರುತ್ತದೆ. ಹೇಳದಿದ್ದರೆ ಇರುವುದಕ್ಕಿಂತ ಕೆಟ್ಟದ್ದನ್ನು ಊಹಿಸುತ್ತದೆ. ಉದ್ದದ ಭಾಷಣ ಬೇಡ. ಹತ್ತಿರ ಕೂರಿಸಿಕೊಂಡು ಇಷ್ಟು ಸಾಕು:

"ನೋಡು ಮಗಾ, ಅಕ್ಷರವನ್ನೂ ಅದರ ಸದ್ದನ್ನೂ ಜೋಡಿಸೋಕೆ ನಿಂಗೆ ಬೇರೆಯವರಿಗಿಂತ ಹೆಚ್ಚು ಹೊತ್ತು ಬೇಕು. ಅದಕ್ಕೊಂದು ಹೆಸರಿದೆ, ಡಿಸ್ಲೆಕ್ಸಿಯಾ. ನೀನು ದಡ್ಡ ಅಲ್ಲ, ಡಾಕ್ಟರೂ ಅಳೆದು ನೋಡಿ ಅದನ್ನೇ ಬರೆದಿದ್ದಾರೆ. ಪರೀಕ್ಷೆಯಲ್ಲಿ ನಿಂಗೆ ಹೆಚ್ಚು ಸಮಯ ಕೊಡ್ತಾರೆ. ಬೆಳಿಗ್ಗೆಯ ಹತ್ತು ನಿಮಿಷ ಮಾತ್ರ ಬಿಡೋ ಹಾಗಿಲ್ಲ."

ಬರುವ ಮೊದಲ ಪ್ರಶ್ನೆ ಬಹಳ ಸಲ ಇದೇ: "ಹಾಗಾದ್ರೆ ಹೋಮ್‌ವರ್ಕ್ ಮಾಡೋದು ಬೇಡ್ವಾ?"

"ಮಾಡ್ಬೇಕು. ನೀನು ಹೇಳು, ಇವತ್ತು ನಾನು ಬರ್ಕೊಳ್ತೇನೆ."